ಎಡಕ್ಕೆ ತಿರುಗುವ ದೋಣಿ

ಕೇಳುವವರು ಮೊದಲು ಕೂತುಕೊಳ್ಳಬೇಕು. ನನ್ನ ಅಂಗಡಿಯ ಮುಂದೆ ಬೆಂಚಿದೆ, ಕೂರಿ. ಆ ತುದಿಗೆ ಮಾತ್ರ ಬೇಡ, ಅಲ್ಲಿನ ಕಾಲು ಮೋಟು. ಬೆಂಚು ಮಾಡಿಕೊಟ್ಟವನು ಪಕ್ಕದ ಮನೆಯ ಪಾನಿಂಗ್. ಎತ್ತರ ಇರಲಿ ಎಂದವಳು ನಾನು, ತಗ್ಗಿರಲಿ ಎಂದವನು ಕಳ್ಳು ಇಳಿಸುವ ಗೋರಿಯೊ. ಪಾನಿಂಗ್ ಇಬ್ಬರ ಮಾತನ್ನೂ ಉಳಿಸಿದ. ಒಂದು ತುದಿ ನನ್ನದು, ಇನ್ನೊಂದು ತುದಿ ಗೋರಿಯೊನದು.

ಅವನು ಇರುವುದೇ ಹಾಗೆ. ಯಾರು ಏನು ಹೇಳಿದರೂ ತಲೆ ಕೆರೆದುಕೊಂಡು, "ಅದೂ ಹೌದು" ಎನ್ನುತ್ತಾನೆ. ಮರುಕ್ಷಣ ಇನ್ನೊಬ್ಬರು ಅದಕ್ಕೆ ತಿರುಗಾಮುರುಗಾ ಹೇಳಿದರೆ, "ಇದೂ ಹೌದಲ್ವಾ" ಎನ್ನುತ್ತಾನೆ. ಸುಳ್ಳು ವಿನಯವಲ್ಲ, ಅವನಿಗೆ ನಿಜವಾಗಿ ಎರಡೂ ಹೌದು ಅನ್ನಿಸುತ್ತದೆ. ಗುಡ್ಡದ ಮೇಲಿನ ಊರಿನವನು. ಪೇಟೆಗೆ ಇಳಿದು, ಮೋಟಾರುಸೈಕಲ್ಲಿನ ಪಕ್ಕಕ್ಕೆ ಸೈಡ್‌ಕಾರು ಕಟ್ಟಿ ಟ್ರೈಸಿಕಲ್ ಮಾಡುವ ಕೆಲಸ ಕಲಿತ. ಪ್ಲೈವುಡ್ ಕೊಯ್ಯುವುದು, ಒಡೆದ ಕಡೆಗೆ ಫೈಬರ್ ಬಟ್ಟೆ ಹಾಸಿ ಅಂಟು ಬಳಿಯುವುದು, ಹಳದಿ ಬಣ್ಣ ಹೊಡೆಯುವುದು ಅವನಿಗೆ ನೀರು ಕುಡಿದಷ್ಟು ಸುಲಭ. ನಮ್ಮೂರು ಲಂಬುಸನ್ನಿನ ರುಫಿನಾಳನ್ನು ಮದುವೆಯಾಗಿ, ಅವಳ ಅಪ್ಪ ಅಂಬೊ ಮುದುಕನ ಮನೆಗೇ ಬಂದು ಸೇರಿದ. ಸಮುದ್ರ ಅವನಿಗೆ ದೂರದ ನೆಂಟ. ಕಂಡರೆ ನಗುತ್ತಿದ್ದ, ಹತ್ತಿರ ಹೋಗುತ್ತಿರಲಿಲ್ಲ.

ಅಂಬೊ ಮುದುಕನದು ಬೇರೆ ಲೆಕ್ಕ. ಅವನು ನೆಲದ ಮೇಲೆ ನಡೆಯುವಾಗ ಕಾಲು ತಡವರಿಸುತ್ತಿತ್ತು, ದೋಣಿಯೊಳಗೆ ನಿಂತರೆ ಕಂಬ. ಆ ದೊಡ್ಡ ಬಿರುಗಾಳಿ ಬಂತಲ್ಲ, ಅದು ಅವನ ದೋಣಿಯನ್ನು ಎತ್ತಿ ಎಲ್ಲೆಲ್ಲಿಗೋ ಬಿಸಾಡಿತು. ಮೂತಿಯ ತುಂಡೊಂದು ಶಾಲೆಯ ಚಾವಣಿಯ ಮೇಲೆ ಸಿಕ್ಕಿತು. ಇಳಿಸಿ ಕೊಡೋಣವೇ ಎಂದು ಕೇಳಿದರೆ, "ಅಲ್ಲೇ ಇರ್ಲಿ, ಮಕ್ಕಳು ನೋಡ್ಲಿ" ಎಂದನಂತೆ. ಆಮೇಲೆ ಮನೆಗೆ ಬಂದು, ದಂಡೆಗೆ ಮುಖ ಮಾಡಿ ಇಟ್ಟಿದ್ದ ತನ್ನ ಬೆತ್ತದ ಕುರ್ಚಿಯನ್ನು ಎತ್ತಿಕೊಂಡು ಹೋಗಿ ಹಿತ್ತಲ ಬಾಗಿಲಲ್ಲಿ ಹಾಕಿದ. ಸಮುದ್ರಕ್ಕೆ ಬೆನ್ನು, ಗುಡ್ಡಕ್ಕೆ ಮುಖ.

ಅಂದಿನಿಂದ ಮಾತು ಕಮ್ಮಿಯಾಯಿತು. ಊಟ ಕಮ್ಮಿಯಾಯಿತು. ಹುರಿದ ಒಣಮೀನು ತಟ್ಟೆಯಲ್ಲಿಟ್ಟರೆ ಅದನ್ನೇ ನೋಡುತ್ತ ಕೂರುತ್ತಿದ್ದ, ಗುರುತಿನವರ ಹೆಣ ನೋಡುವ ಹಾಗೆ.

ಒಂದು ದಿನ ರುಫಿನಾ ಗಂಡನಿಗೆ ಹೇಳಿದ್ದು ಬೇಲಿಯಾಚೆ ಬಟ್ಟೆ ಹಿಂಡುತ್ತಿದ್ದ ನನಗೂ ಕೇಳಿಸಿತು.

"ಹೀಗೇ ಬಿಟ್ರೆ ಅಪ್ಪ ಆ ಕುರ್ಚಿ ಜೊತೆಗೇ ಬೇರು ಬಿಟ್ಬಿಡ್ತಾರೆ. ನೀನೊಂದು ದೋಣಿ ಕಟ್ಟು."

"ನಾನಾ? ನಾನು ಕಟ್ಟೋದು ಸೈಡ್‌ಕಾರು ಕಣೇ!"

"ಪ್ಲೈವುಡ್ಡು ಅದೇ, ಫೈಬರ್ರೂ ಅದೇ. ಚಕ್ರ ಬಿಟ್ಬಿಡು."

ಪಾನಿಂಗ್ ತಲೆ ಕೆರೆದುಕೊಂಡ. "ಅದೂ ಹೌದು."

ಹೀಗೆ ಶುರುವಾಯಿತು. ಹಿತ್ತಲ ದೀವಿಹಲಸಿನ ಮರದ ಕೆಳಗೆ ಒಂದು ಗಟ್ಟಿಮರದ ತೊಲೆ ಬಂತು, ದೋಣಿಯ ಬೆನ್ನೆಲುಬಾಗಲು. ಅದಕ್ಕೆ ಪಕ್ಕೆಲುಬುಗಳನ್ನು ನಿಲ್ಲಿಸಿದ. ತೆಳ್ಳಗಿನ ಪ್ಲೈವುಡ್ ಹಾಳೆಗಳನ್ನು ನೆನೆಸಿ, ಬಗ್ಗಿಸಿ, ಅಂಚಿನುದ್ದಕ್ಕೂ ತೂತು ಕೊರೆದು ತಾಮ್ರದ ತಂತಿಯಿಂದ ಹೊಲಿದ. ಹೊಲಿದ ದೋಣಿ ನೋಡಿದರೆ ಯಾವುದೋ ದೊಡ್ಡ ಮೀನಿಗೆ ಆಪರೇಷನ್ ಮಾಡಿಟ್ಟ ಹಾಗಿತ್ತು. ಆ ಹೊಲಿಗೆಯ ಮೇಲೆಲ್ಲ ಫೈಬರ್ ಬಟ್ಟೆ ಹಾಸಿ ಅಂಟು ಕುಡಿಸಬೇಕು. ಗಾಜಿನ ನೂಲಿನ ಪುಡಿ ಮೈಗೆಲ್ಲ ಹತ್ತಿ, ಪಾನಿಂಗ್ ಮಾತಾಡುವಾಗಲೂ ತುರಿಸಿಕೊಳ್ಳುತ್ತಿದ್ದ, ಸುಮ್ಮನಿದ್ದಾಗಲೂ ತುರಿಸಿಕೊಳ್ಳುತ್ತಿದ್ದ. ಕೊಬ್ಬರಿ ಎಣ್ಣೆ ಹಚ್ಚು ಎಂದವರ ಮಾತಿಗೆ ಎಣ್ಣೆ ಹಚ್ಚಿದ. ಎಣ್ಣೆ ಹಚ್ಚಬೇಡ, ಬೂದಿ ಉಜ್ಜು ಎಂದವರ ಮಾತಿಗೆ ಅದರ ಮೇಲೇ ಬೂದಿಯನ್ನೂ ಉಜ್ಜಿದ. ಚರ್ಚಿಗೆ ಹಾಗೇ ಬಂದ.

ದೋಣಿ ಎಂದಮೇಲೆ ಸಲಹೆ ಕೊಡದವರು ನಮ್ಮೂರಲ್ಲಿ ಯಾರಿದ್ದಾರೆ? ಬೆಂಚಿನ ಮೇಲಿಂದಲೇ ಕೊಡುತ್ತಿದ್ದರು. ಗೋರಿಯೊನ ಕೈ ತಾಳೆಗರಿಯಷ್ಟು ಅಗಲ. ಆ ಕೈಯನ್ನು ಬೀಸಿಕೊಂಡೇ ಮಾತಾಡುವವನು.

"ಮೋಡ ಇದೆ ದೋಂಗ್. ಅಂಟಿಗೆ ಗಟ್ಟಿಯಾಗೋ ಔಷಧಿ ಜಾಸ್ತಿ ಹಾಕು. ಇಲ್ದಿದ್ರೆ ಮುಂದಿನ ಕ್ರಿಸ್ಮಸ್ಸಿಗೂ ಒಣಗಲ್ಲ."

ಕಿರಿಯವರನ್ನು ನಾವು ಕರೆಯುವುದು ದೋಂಗ್ ಎಂದೇ. ಪಾನಿಂಗ್ ಜಾಸ್ತಿ ಹಾಕಿದ. ಮೈ ನೀವಿ ಎಣ್ಣೆ ತಿಕ್ಕುವ ಸಿಂಫೊ ಅಜ್ಜಿ ಬಂದವಳು, "ಒಂದೊಂದು ಚಿಪ್ಪು ಕಲಸ್ಬೇಡ್ವೋ, ಒಂದೇ ಸಲ ಬಕೀಟು ಕಲಸು, ಬಣ್ಣ ಒಂದೇ ಥರ ಬರುತ್ತೆ" ಎಂದಳು. ಅವಳಿಗೆ ಅಂಟಿನ ವಿಷಯ ಏನು ಗೊತ್ತು? ಗಂಜಿಯ ವಿಷಯ ಗೊತ್ತು. ಪಾನಿಂಗ್ ಅದನ್ನೂ ಕೇಳಿದ. ಬಕೀಟು ತುಂಬ ಅಂಟು, ಅದರಲ್ಲಿ ಎರಡರಷ್ಟು ಔಷಧಿ. ಅರ್ಧ ಬಳಿಯುವುದರೊಳಗೆ ಬಕೀಟು ಬಿಸಿಯೇರಿ ಹೊಗೆಯಾಡತೊಡಗಿತು. ನಾಯಿ ಬೊಗಳಿತು. ಪಾನಿಂಗ್ ಗಾಬರಿಯಲ್ಲಿ ಬಗ್ಗಿದಾಗ ಅವನ ಜೇಬಿನಿಂದ ಅಳತೆಯ ಟೇಪು ಜಾರಿ ಬಕೀಟಿನೊಳಗೆ ಬಿತ್ತು. ಕೈ ಹಾಕುವ ಹಾಗಿಲ್ಲ. ನೋಡುನೋಡುತ್ತಿದ್ದಂತೆ ಎಲ್ಲ ಕಲ್ಲಾಯಿತು. ಜೇನುಬಣ್ಣದ ಕಲ್ಲು, ಅದರ ಹೊಟ್ಟೆಯಲ್ಲಿ ಟೇಪು.

ಆಗ ಹಿಂದಿನಿಂದ ಒಂದು ದನಿ ಬಂತು.

"ಕಬ್ಬಿಣದ ಪಟ್ಟೀಲಿ ಅಳೆದ್ರೆ ಆಗೋದು ಪೆಟ್ಟಿಗೆ. ದೋಣಿ ಅಲ್ಲ."

ಅಂಬೊ ಮುದುಕ! ಎಷ್ಟೋ ತಿಂಗಳ ಮೇಲೆ ಆಡಿದ ಮಾತು. ರುಫಿನಾ ಒಲೆಯ ಮುಂದಿನಿಂದ ಸೌಟು ಹಿಡಿದುಕೊಂಡೇ ಓಡಿಬಂದಳು. ಮುದುಕನ ಕಣ್ಣು ಗುಡ್ಡದ ಮೇಲೇ ಇತ್ತು, ಗುಡ್ಡವೇ ಮಾತಾಡಿತೇನೋ ಎನ್ನುವ ಹಾಗೆ.

ಅವನು ಹೇಳಿದ್ದು ಹೊಸದೇನಲ್ಲ. ನಮ್ಮ ಕಡೆ ಹಳಬರು ದೋಣಿ ಕಟ್ಟುತ್ತಿದ್ದದ್ದು ಗೇಣಿನಲ್ಲಿ, ಮಾರಿನಲ್ಲಿ. ಅದೂ ಯಾರದೋ ಗೇಣಲ್ಲ. ಅದನ್ನು ಏರಿ ಸಮುದ್ರಕ್ಕೆ ಹೋಗುವವನದು. ಉದ್ದ, ಅಗಲ, ಹುಟ್ಟಿನ ಹಿಡಿಕೆ, ಎಲ್ಲವೂ ಅವನ ಕೈಯಿಂದಲೇ ಅಳೆದದ್ದು. ಅಂಗಿ ಹೊಲಿದ ಹಾಗೆ.

ಪಾನಿಂಗ್ ಮುದುಕನ ಮುಂದೆ ಕುಕ್ಕರುಗಾಲಲ್ಲಿ ಕೂತ. ಮಾವನನ್ನು ಅವನೂ ರುಫಿನಾಳಂತೆ ಅಪ್ಪ ಎಂದೇ, ನಮ್ಮ ಮಾತಿನಲ್ಲಿ ತಾತಾಯ್ ಎಂದು ಕರೆಯುತ್ತಾನೆ.

"ತಾತಾಯ್, ಹಾಗಾದ್ರೆ ನಿಮ್ಮ ಕೈ ಕೊಡಿ. ಅಳೆದ್ಕೋತೀನಿ."

"ಏರೋನ ಕೈಯಲ್ಲಿ ಅಳೀಬೇಕು. ಏರೋನು ನಾನಲ್ಲ."

"ನಿಮಗೇ ಅಂತ ಕಟ್ತಿರೋದು, ತಾತಾಯ್."

"ಅಂಟಿನ ದೋಣಿಗೆ ನಾನು ಕಾಲಿಡಲ್ಲ."

ಅಷ್ಟೇ. ಬಾಯಿ ಮತ್ತೆ ಮುಚ್ಚಿತು. ರುಫಿನಾ ಒಳಗೆ ಹೋಗಿ ಒಲೆಯನ್ನು ಊದಿದಳು, ಉರಿಯುತ್ತಿದ್ದ ಒಲೆಯನ್ನೇ. ಪಾನಿಂಗ್ ನನ್ನ ಅಂಗಡಿಗೆ ಬಂದು ಬೆಂಚಿನ ತಗ್ಗಿನ ತುದಿಗೆ ಕೂತ.

"ನಾಂಗ್, ಒಂದು ಮಾತು. ಅವರು ಏರಲ್ಲ ಅಂದ್ರೆ ಕಟ್ಟೋದು ಯಾರಿಗೆ? ಕಟ್ಟದೇ ಬಿಟ್ರೆ ಅವರು ಏರೋದು ಯಾವುದಕ್ಕೆ?"

ಅಕ್ಕ ಎನ್ನುವ ಅರ್ಥದಲ್ಲಿ ನನ್ನನ್ನು ನಾಂಗ್ ಎನ್ನುತ್ತಾನೆ. "ಕಟ್ಟಿ ಮುಗಿಸು ದೋಂಗ್" ಎಂದೆ. ಬೇರೆ ಯಾರಾದರೂ ಬಿಟ್ಟುಬಿಡು ಎಂದಿದ್ದರೆ ಬಿಟ್ಟುಬಿಡುತ್ತಿದ್ದನೋ ಏನೋ. ಪುಣ್ಯಕ್ಕೆ ಆಗ ಬೆಂಚಿನ ಮೇಲೆ ಬೇರೆ ಯಾರೂ ಇರಲಿಲ್ಲ.

ಟೇಪು ಕಲ್ಲಾಗಿತ್ತು, ಮಾವ ಕೈ ಕೊಡಲಿಲ್ಲ. ಪಾನಿಂಗ್ ತನ್ನ ಗೇಣಿನಿಂದಲೇ ಅಳೆಯತೊಡಗಿದ. ಮುದುಕ ಆಡಿದ ಒಂದೇ ಮಾತಾದರೂ ನಡೆಯಲಿ ಎಂದು ಅವನ ಆಸೆ. ದಿನ ಕಳೆದಂತೆ ದೋಣಿಗೆ ಮೈ ಬಂತು. ಒಳಗೆ ಬಿಳಿ, ಹೊರಗೆ ಟ್ರೈಸಿಕಲ್ ಹಳದಿ. ಆ ಬಣ್ಣ ಬಿಟ್ಟರೆ ಅವನ ಹತ್ತಿರ ಬೇರೆ ಬಣ್ಣ ಇರಲಿಲ್ಲ. ಮೂತಿಯ ಎರಡೂ ಕಡೆ ಕಣ್ಣು ಬರೆದ. ಒಂದು ಕಣ್ಣು ಗೋರಿಯೊ ಹೇಳಿದ ಹಾಗೆ ತೆರೆದದ್ದು, ಇನ್ನೊಂದು ಸಿಂಫೊ ಅಜ್ಜಿ ಹೇಳಿದ ಹಾಗೆ ಅರ್ಧ ಮುಚ್ಚಿದ್ದು.

ಕೊನೆಗೆ ಉಳಿದದ್ದು ರೆಕ್ಕೆ. ನಮ್ಮ ದೋಣಿಗಳ ಹೊಟ್ಟೆ ಸಪೂರ. ಎರಡೂ ಪಕ್ಕಕ್ಕೆ ಅಡ್ಡಮರ ಚಾಚಿ, ತುದಿಗೆ ದಪ್ಪ ಬಿದಿರು ಕಟ್ಟದಿದ್ದರೆ ನೀರಲ್ಲಿ ಮಗುಚಿಕೊಳ್ಳುತ್ತವೆ. ದೋಣಿಯ ಅಂಚಿನಿಂದ ಬಿದಿರಿನವರೆಗೆ ಆರು ಗೇಣು. ಎಡಗಡೆಯ ರೆಕ್ಕೆಯನ್ನು ಪಾನಿಂಗ್ ಅಳೆದು ಕಟ್ಟಿದ. ಅಷ್ಟರಲ್ಲಿ ಯಾರೋ ಡ್ರೈವರ್ ಓಡಿಬಂದ. ಸೇತುವೆಯ ಮೇಲೆ ಸೈಡ್‌ಕಾರಿನ ಕೊಂಡಿ ಮುರಿದು, ಹಂದಿಮರಿ ಹಿಡಿದುಕೊಂಡಿದ್ದ ಹೆಂಗಸೊಬ್ಬಳು ಅರ್ಧ ದಾರಿಯಲ್ಲಿ ಕೂತಿದ್ದಾಳಂತೆ. ಪಾನಿಂಗ್ ಸಲಕರಣೆ ಹೊತ್ತುಕೊಂಡು ಹೋದ.

ಮಾರನೆಯ ಬೆಳಿಗ್ಗೆ ನೀರಿಗಿಳಿಸಲು ಒಳ್ಳೆಯ ಉಬ್ಬರ. ರುಫಿನಾ ಸೆರಗು ಕಟ್ಟಿದ ಹಾಗೆ ಸ್ಕರ್ಟನ್ನು ಮಂಡಿಗೆ ಕಟ್ಟಿ, ತಾನೇ ಕೂತಳು.

"ಗಂಡ ಬರೋವರೆಗೆ ಕಾಯೇ" ಎಂದೆ, ಬೇಲಿಯಾಚೆಯಿಂದ.

"ಆರು ಗೇಣು ತಾನೇ ನಾಂಗ್? ಆರರವರೆಗೆ ಎಣಿಸೋಕೆ ನನಗೂ ಬರುತ್ತೆ."

ಅವಳು ಮೀನುಗಾರನ ಮಗಳು. ನೈಲಾನ್ ದಾರದ ಗಂಟು ಹಾಕಿದಳೆಂದರೆ ಏಡಿ ಕಚ್ಚಿದ ಹಾಗೆ. ಸಂಜೆ ಪಾನಿಂಗ್ ಬಂದು, ಬಲಗಡೆಯ ರೆಕ್ಕೆಯೂ ಮುಗಿದದ್ದನ್ನು ಕಂಡು, ಹೆಂಡತಿಯ ಕೈಯನ್ನು ಹಿಡಿದುಕೊಂಡ. ಅಂಬೊ ಮುದುಕ ಕುರ್ಚಿಯಲ್ಲಿ ಬೀಡಿ ಸೇದುತ್ತಿದ್ದ.

ನೀರಿಗಿಳಿಸುವ ಮುಂಚೆ ಮೂತಿಗೆ ಕೋಳಿಯ ರಕ್ತ ಬಳಿಯಬೇಕು. ಕೆಂಪು ಹುಂಜ ಆಗಬೇಕೆಂದಳು ಸಿಂಫೊ ಅಜ್ಜಿ. ಬಿಳಿ ಹೇಂಟೆ ಎಂದ ಗೋರಿಯೊ. ಪಾನಿಂಗ್ ಕೆಂಪು ಹೇಂಟೆ ತಂದ. ರಕ್ತ ದೋಣಿಗೆ, ಕೋಳಿ ಗಂಜಿಗೆ. ಕೇರಿಯವರೆಲ್ಲ ಗಂಜಿ ಕುಡಿದು, ದೋಣಿಗೆ ಹೆಗಲು ಕೊಟ್ಟು, ನನ್ನ ಅಂಗಡಿಯ ಮುಂದಿನಿಂದಲೇ ಹೊತ್ತುಕೊಂಡು ಹೋದರು. ಹಿತ್ತಲಲ್ಲಿ ಒಂದು ಕುರ್ಚಿ ಅಲುಗಲಿಲ್ಲ.

ಪಾನಿಂಗ್ ಶಿಲುಬೆಯ ಗುರುತು ಹಾಕಿಕೊಂಡು ಏರಿದ. ಹುಟ್ಟು ಹಾಕಿದ. ದೋಣಿ ಒಳ್ಳೆ ಬಾತುಕೋಳಿಯ ಹಾಗೆ ಹಗುರವಾಗಿ ಹೊರಟಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಹೋಗುತ್ತ ಹೋಗುತ್ತ ಸ್ವಲ್ಪ ಎಡಕ್ಕೆ ಸರಿಯಿತು. ಇನ್ನೂ ಸ್ವಲ್ಪ. ಪಾನಿಂಗ್ ಈ ಕಡೆ ಒಂದು, ಆ ಕಡೆ ಒಂದು ಹುಟ್ಟು ಹಾಕುತ್ತಿದ್ದರೂ ದೋಣಿ ತನ್ನಷ್ಟಕ್ಕೆ ದೊಡ್ಡದೊಂದು ಸುತ್ತು ಹೊಡೆದು, ಸೀದಾ ನಮ್ಮ ಮುಂದೆಯೇ ಬಂದು ನಿಂತಿತು.

"ಏನಾದ್ರೂ ಮರೆತೆಯಾ ದೋಂಗ್?" ಎಂದ ಗೋರಿಯೊ.

ಮತ್ತೆ ಹೋದ. ಮತ್ತೆ ಬಂದ. ಎಡಗಡೆ ಮಾತ್ರ ಹುಟ್ಟು ಹಾಕಿದರೆ ನೇರಕ್ಕೆ ಬರುತ್ತಿತ್ತು. ಆದರೆ ಹಾಗೆ ಎಷ್ಟು ದೂರ ಹೋಗಲಾದೀತು? ತೋಳು ಸೋತು ಕೈ ಬಿಟ್ಟ ಕೂಡಲೇ ದೋಣಿ ಮನೆಗೆ ತಿರುಗುತ್ತಿತ್ತು. ಹುಡುಗರು ನೀರಿಗೆ ಬಿದ್ದು ಕೂಗಿದರು, "ಟ್ರೈಸಿಕಲ್! ಚರ್ಚಿಗೆ ಬರ್ತೀಯಾ?"

ಅಲ್ಲಿಂದ ಪಾನಿಂಗ್‌ನ ತಲೆ ಕೆಟ್ಟಿತು. ಒಬ್ಬರು ಹೇಳಿದರು, ಅವನ ಕಣ್ಣಿನದೇ ತಪ್ಪು; ಸೈಡ್‌ಕಾರು ಇರುವುದು ಬಲಕ್ಕೆ, ಜೀವಮಾನವೆಲ್ಲ ಬಲಕ್ಕೆ ಭಾರ ಕಟ್ಟಿದವನು ಎಡವನ್ನು ಮರೆತಿದ್ದಾನೆ. ಅದೂ ಹೌದು ಎಂದು ಬಲಗಡೆಯ ಅಂಟನ್ನು ಹೆರೆದ. ದೋಣಿ ಎಡಕ್ಕೇ ಹೋಯಿತು. ಇನ್ನೊಬ್ಬರು ಹೇಳಿದರು, ಬಲಗಣ್ಣು ಅರ್ಧ ಮುಚ್ಚಿದೆ, ಅದಕ್ಕೆ ಬಲಗಡೆಯ ದಾರಿ ಕಾಣದು. ಕಣ್ಣು ತೆರೆದು ಬರೆದ. ದೋಣಿ ಕಣ್ಣು ಬಿಟ್ಟುಕೊಂಡು ಎಡಕ್ಕೆ ಹೋಯಿತು. ಸಿಂಫೊ ಅಜ್ಜಿ, "ಆ ದೀವಿಹಲಸಿನ ಮರದಲ್ಲಿ ಇರೋರನ್ನ ಕೇಳ್ದೆ ಕೆಳಗೆ ಕೆಲಸ ಶುರು ಮಾಡಿದ್ಯಲ್ಲೋ" ಎಂದಳು. ಮರದ ಬುಡಕ್ಕೆ ಅನ್ನ, ಕಳ್ಳು, ಎಲ್ಲ ಇಟ್ಟ. ಕಳ್ಳು ಮಾತ್ರ ಖಾಲಿಯಾಯಿತು; ಅದು ಮರದಲ್ಲಿದ್ದವರ ಕೆಲಸ ಎಂದು ಗೋರಿಯೊ ಬಾಯಿ ಒರೆಸಿಕೊಂಡು ಹೇಳಿದ.

ಕೊನೆಗೆ ಗೋರಿಯೊನೇ ಒಂದು ಉಪಾಯ ತಂದ. ನಮ್ಮ ದೋಣಿಗೆ ಎರಡೂ ಕಡೆ ಮೂತಿ ತಾನೇ?

"ಹಿಂದಿಂದು ಮುಂದೆ ಮಾಡಿ ಓಡ್ಸೋ. ಆಗ ಅದರ ಎಡ ಎಲ್ಲಿರುತ್ತೆ?"

ಪಾನಿಂಗ್ ಹಾಗೇ ಮಾಡಿದ. ದೋಣಿ ಈ ಸಲ ಬಲಕ್ಕೆ ತಿರುಗಿತು! ಎಡಕ್ಕೆ ಹೋಗುವ ದೋಣಿಯನ್ನು ಒಪ್ಪಬಹುದು. ಬೇಕೆಂದ ಕಡೆ ಬಿಟ್ಟು ಉಳಿದೆಲ್ಲ ಕಡೆ ಹೋಗುವ ದೋಣಿಯನ್ನು ಏನೆನ್ನುವುದು? ಪಾನಿಂಗ್ ನೀರಿನ ನಡುವೆ ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟ. ತಾನು ಬಂದದ್ದು ಯಾವ ಕಡೆಯಿಂದ ಎಂಬುದೂ ಮರೆತುಹೋದವನ ಹಾಗೆ.

"ರೆಕ್ಕೆ ಅಳೆದು ನೋಡ್ರೋ" ಎಂದೆ ನಾನು. ಹೇಳಿದ್ದೇನೋ ಸರಿಯಾಗಿಯೇ ಹೇಳಿದೆ. ಗೋರಿಯೊ ಎಡಗಡೆಗೆ ಹೋದ, ಸಿಂಫೊ ಅಜ್ಜಿ ಬಲಗಡೆಗೆ ಹೋದಳು. ಇಬ್ಬರೂ ಒಟ್ಟಿಗೆ ಗೇಣು ಹಾಕಿದರು.

"ಐದೂವರೆ!" ಎಂದು ಕೂಗಿದ ಗೋರಿಯೊ.

"ಇಲ್ಲೂ ಐದೂವರೆ!" ಎಂದು ಕೂಗಿದಳು ಅಜ್ಜಿ.

"ಸಮ ಇದೆಯಲ್ಲ!" ಎಂದರು ಎಲ್ಲರೂ. ನಾನೂ ಎಂದೆ. ತಾಳೆಗರಿಯಂಥ ಅವನ ಕೈ, ಮೈ ನೀವಿ ನೀವಿ ಗಟ್ಟಿಯಾದರೂ ಅವನದಕ್ಕಿಂತ ಚಿಕ್ಕದಾದ ಅವಳ ಕೈ, ಎರಡನ್ನೂ ದಿನಾ ನೋಡುತ್ತಿದ್ದ ನಮಗೆ ಯಾರಿಗೂ ಏನೂ ಹೊಳೆಯಲಿಲ್ಲ. ಐದೂವರೆ ಎಂದರೆ ಐದೂವರೆ.

ಪಾನಿಂಗ್ ದೋಣಿಯನ್ನು ಹಿತ್ತಲಿಗೆ ಹೊರಿಸಿಕೊಂಡು ಬಂದ. ಗರಗಸ ತಂದು ಪಕ್ಕದಲ್ಲಿಟ್ಟ.

"ಕೊಯ್ದು ಎರಡು ಸೈಡ್‌ಕಾರು ಮಾಡ್ತೀನಿ. ಅದಾದ್ರೆ ನನಗೆ ಗೊತ್ತು, ಎಲ್ಲಿಗೆ ಹೋಗುತ್ತೆ ಅಂತ."

ರುಫಿನಾ ಗರಗಸದ ಮೇಲೆ ಕಾಲಿಟ್ಟಳು. "ಊರವರನ್ನೆಲ್ಲ ಕೇಳಿದೆ. ಮರಾನೂ ಕೇಳಿದೆ. ಕೇಳ್ದೇ ಇರೋದು ಒಬ್ರನ್ನ."

ನಿಜವೇ. ಎಲ್ಲರನ್ನೂ ಕೇಳುವ ಪಾನಿಂಗ್ ಮಾವನನ್ನು ಒಂದು ಮಾತು ಕೇಳಿರಲಿಲ್ಲ. ಮುಖ ಕೊಡಲು ನಾಚಿಕೆ. ಹೆಂಡತಿ ಬೆನ್ನಿಗೆ ಕೈಯಿಟ್ಟು ನೂಕಿದ ಮೇಲೆ ಕುರ್ಚಿಯ ಹತ್ತಿರ ಹೋಗಿ ನಿಂತ.

"ತಾತಾಯ್. ಅದು ಯಾಕೆ ಎಡಕ್ಕೆ ಹೋಗುತ್ತೆ?"

ಮುದುಕ ಬೀಡಿಯ ಬೂದಿ ಕೊಡವಿದ.

"ನೀರಲ್ಲಿ ಓಡೋದನ್ನ ಕುರ್ಚಿ ಮೇಲಿಂದ ಹೇಳು ಅಂದ್ರೆ ಹೆಂಗೆ ಹೇಳ್ಲಿ?"

"ಮತ್ತೆ ಏನು ಮಾಡ್ಲಿ?"

"ಎತ್ಕೊಂಡು ನಡಿ."

ಎಂದವನು ಎದ್ದ. ಬೆತ್ತದ ಕುರ್ಚಿ ಕಿರ್ರೆಂದಿತು. ರುಫಿನಾ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ನಾನು ಅಂಗಡಿಗೆ ಬೀಗ ಹಾಕದೆಯೇ ಹಿಂದೆ ಹೋದೆ, ಇನ್ನು ಊರಿನ ಸುದ್ದಿ ಕೇಳಬೇಕೇ? ದೋಣಿ ಮುಂದೆ, ಮುದುಕ ಹಿಂದೆ, ಅವನ ಹಿಂದೆ ಇಡೀ ಕೇರಿ. ಗೋರಿಯೊ ಕೂಡ ಕೈ ಬೀಸಲಿಲ್ಲ.

ನೀರಿನ ಅಂಚಿಗೆ ಬಂದು ಮುದುಕ ನಿಂತ. ಅಲೆ ಬಂದು ಅವನ ಪಾದಕ್ಕೆ ತಗುಲಿ ಹೋಯಿತು. ಇನ್ನೊಂದು ಬಂತು. ಹಿಂದಕ್ಕೆ ತಿರುಗುತ್ತಾನೆ ಎಂದೇ ಅಂದುಕೊಂಡೆ. ತಿರುಗಲಿಲ್ಲ. ಹಳದಿ ಅಂಚನ್ನು ಬೆರಳಿನಿಂದ ಒಂದು ಸಲ ತಟ್ಟಿದ, ಕಲ್ಲಂಗಡಿ ತಟ್ಟುವ ಹಾಗೆ.

"ಹತ್ತು. ಹುಟ್ಟು ಹಾಕು" ಎಂದ ಅಳಿಯನಿಗೆ. ತಾನೂ ಕಾಲಿಟ್ಟ. ಒಳಗೆ ಕೂರಲಿಲ್ಲ. ಬಲಗಡೆಯ ಅಡ್ಡಮರದ ಮೇಲೆ, ಬಿದಿರಿನ ಕಡೆಗೆ ಜರುಗಿ, ಕಾಲು ಇಳಿಬಿಟ್ಟು ಕೂತ. ಬಲಗಡೆಯ ಬಿದಿರು ನೀರಿನೊಳಕ್ಕೆ ಅಮುಕಿತು.

ಪಾನಿಂಗ್ ಹುಟ್ಟು ಹಾಕಿದ. ದೋಣಿ ಹೊರಟಿತು. ನಾವೆಲ್ಲ ಎಡಗಡೆಗೇ ಕತ್ತು ವಾಲಿಸಿಕೊಂಡು ನಿಂತಿದ್ದೆವು, ಅಭ್ಯಾಸ ಬಲ. ದೋಣಿ ಎಡಕ್ಕೆ ಹೋಗಲಿಲ್ಲ. ಬಲಕ್ಕೂ ಹೋಗಲಿಲ್ಲ. ದಾರ ಎಳೆದು ಹಿಡಿದ ಹಾಗೆ ನೇರವಾಗಿ ಹೋಯಿತು, ಹಳದಿ ಚುಕ್ಕಿಯಾಗುವವರೆಗೆ. ರುಫಿನಾ ಮಂಡಿಯವರೆಗೆ ನೀರಿನಲ್ಲಿ ನಿಂತು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಕೇಳಿದ್ದರೆ ಅದೂ ಹೌದು, ಇದೂ ಹೌದು ಎನ್ನುತ್ತಿದ್ದಳು.

ಸಂಜೆ ಇಬ್ಬರೂ ಒಂದಿಷ್ಟು ಮೀನು ಹಿಡಿದುಕೊಂಡು ಬಂದರು. ಮುದುಕ ಆ ಮೀನಿಗೆ ವಿನಿಗರ್, ಶುಂಠಿ, ಮೆಣಸು ತಾನೇ ಹಾಕಿ ಕಲಸಿ, ತಾನೇ ತಿಂದ. ಮಾರನೆಯ ಬೆಳಿಗ್ಗೆ ಪಾನಿಂಗ್ ಹಲ್ಲುಜ್ಜುವ ಮೊದಲೇ ಅವನು ದಂಡೆಯಲ್ಲಿದ್ದ.

"ನೀನು ಬಾ ಅಂತ ನಾನು ಕರೀತಿಲ್ಲ" ಎಂದನಂತೆ ಅಳಿಯನಿಗೆ, "ಆದ್ರೆ ಇದು ಒಬ್ಬನೇ ಹೋದ್ರೆ ನೇರ ಹೋಗೋ ದೋಣಿ ಅಲ್ಲ."

ಹೀಗೆ ಪಾನಿಂಗ್ ಬೆಳಿಗ್ಗೆ ಹುಟ್ಟು ಹಾಕುವವನಾದ, ಮಧ್ಯಾಹ್ನದ ಮೇಲೆ ಸೈಡ್‌ಕಾರು ಕಟ್ಟುವವನಾದ. ಮುದುಕ ಬಲಗಡೆಯ ರೆಕ್ಕೆಯ ಮೇಲೆ ಕೂತು ಗಾಳ ಬಿಡುತ್ತಿದ್ದ, ಬೈಯುತ್ತಿದ್ದ, ನೀರಿನ ಬಣ್ಣ ನೋಡಿ ಮೀನು ಎಲ್ಲಿದೆ ಎನ್ನುತ್ತಿದ್ದ.

ಬಿಸಿಲಿಗೆ, ಉಪ್ಪಿಗೆ ನೈಲಾನ್ ದಾರ ಲಡ್ಡಾಗಿ ಹರಿಯುತ್ತದೆ. ಮಳೆಗಾಲ ಕಳೆದ ಮೇಲೆ ರೆಕ್ಕೆಯ ಕಟ್ಟುಗಳನ್ನು ಬಿಚ್ಚಿ ಹೊಸದಾಗಿ ಕಟ್ಟಬೇಕಾಯಿತು. ಮುದುಕ ಬಲೆ ರಿಪೇರಿಗೆಂದು ದಂಡೆಗೆ ಹೋಗಿದ್ದ. ಪಾನಿಂಗ್ ಹಿತ್ತಲಲ್ಲಿ ಒಬ್ಬನೇ ಕೂತು, ಎಲ್ಲಿದ್ದದ್ದು ಅಲ್ಲೇ ಇರಲಿ ಎಂದು, ಬಿಚ್ಚುವ ಮೊದಲು ಅಳೆದುಕೊಂಡ. ಎಡಗಡೆ ಆರು ಗೇಣು. ಬಲಗಡೆ ಐದು ಗೇಣು, ಮೇಲೆ ನಾಲ್ಕು ಬೆರಳು. ತಪ್ಪಿರಬೇಕೆಂದು ಮತ್ತೆ ಅಳೆದ. ಎದ್ದು ಒಂದು ಸುತ್ತು ಬಂದು ಇನ್ನೊಮ್ಮೆ ಅಳೆದ. ಆಮೇಲೆ ಮೆಲ್ಲಗೆ ಕರೆದ.

"ರುಫಿನಾ, ಇಲ್ಲಿ ಬಾ. ನಿನ್ನ ಕೈ ತೋರ್ಸು."

ಅವಳು ಪಾತ್ರೆ ತೊಳೆಯುತ್ತಿದ್ದ ಒದ್ದೆ ಕೈಯನ್ನು ಚಾಚಿದಳು. ಅವನು ಅಂಗೈಗೆ ಅಂಗೈ ಸೇರಿಸಿದ. ಅವಳ ಬೆರಳ ತುದಿಯ ಮೇಲೆ ಅವನ ಬೆರಳು ಒಂದು ಗಿಣ್ಣು ಹೊರಗೆ ಇಣುಕುತ್ತಿತ್ತು. ಇಬ್ಬರೂ ಅದನ್ನೇ ನೋಡಿದರು. ಮೊದಲು ರುಫಿನಾ ನಕ್ಕಳು, ಆಮೇಲೆ ಅವನು. ನಕ್ಕು ನಕ್ಕು ದೋಣಿಗೆ ಒರಗಿಕೊಂಡರು. ಆಮೇಲೆ ಇಬ್ಬರ ನಗುವೂ ಒಟ್ಟಿಗೇ ನಿಂತಿತು.

ಸರಿ ಮಾಡುವುದು ಎಷ್ಟರ ಕೆಲಸ? ಬಲಗಡೆಯ ಬಿದಿರನ್ನು ಹೊರಕ್ಕೆ ಜರುಗಿಸಿ ಕಟ್ಟಿದರಾಯಿತು. ದೋಣಿ ನೇರ ಹೋಗುತ್ತದೆ. ನೇರ ಹೋದರೆ ಬಲಗಡೆ ಯಾರೂ ಕೂರಬೇಕಿಲ್ಲ. ಯಾರೂ ಕೂರಬೇಕಿಲ್ಲ ಎಂದಮೇಲೆ...

ಪಾನಿಂಗ್ ನೇರ ನನ್ನ ಬೆಂಚಿಗೆ ಬಂದ. ಎಲ್ಲವನ್ನೂ ಹೇಳಿದ.

"ಸರಿ ಮಾಡಿದ್ರೆ ಅವರು ಮತ್ತೆ ಕುರ್ಚಿಗೆ ಹೋಗಿ ಕೂತ್ರೆ? ಮಾಡದೆ ಬಿಟ್ರೆ ನಾನು ಅವರಿಗೆ ದಿನಾ ಮೋಸ ಮಾಡಿದ ಹಾಗಲ್ವಾ ನಾಂಗ್?"

"ಅವರಿಗೆ ಗೊತ್ತಿಲ್ಲ ಅಂತ ನಿನಗೆ ಯಾರು ಹೇಳಿದ್ದು?" ಎಂದೆ. "ರುಫಿನಾ ಗೇಣು ಹಾಕುವಾಗ ಅವರ ಕುರ್ಚಿಯ ಮುಖ ಯಾವ ಕಡೆಗಿತ್ತೋ?"

ಪಾನಿಂಗ್ ಹಿತ್ತಲ ಕಡೆಗೆ ತಿರುಗಿ ನೋಡಿದ. ಸಮುದ್ರಕ್ಕೆ ಬೆನ್ನು, ಗುಡ್ಡಕ್ಕೆ ಮುಖ. ಗುಡ್ಡಕ್ಕೂ ಕುರ್ಚಿಗೂ ನಡುವೆ ಹಿತ್ತಲು, ಹಿತ್ತಲಲ್ಲಿ ದೋಣಿ.

"ನೋಡಿದ್ರೆ ಆವಾಗ್ಲೇ ಯಾಕೆ ಹೇಳ್ಲಿಲ್ಲ?"

"ನೋಡ್ಲಿಲ್ಲ ಅಂದ್ರೆ ಸೀದಾ ಹೋಗಿ ಬಲಗಡೆ ಹೆಂಗೆ ಕೂತ್ರು?"

"ಅದೂ ಹೌದು." ತಲೆ ಕೆರೆದುಕೊಂಡ. "ಆದ್ರೆ ಅಷ್ಟು ವರ್ಷ ದೋಣೀಲಿ ಇದ್ದೋರು. ಎಡಕ್ಕೆ ಎಳೆದ್ರೆ ಬಲಕ್ಕೆ ಕೂರ್ಬೇಕು ಅಂತ ನೋಡ್ದೇನೂ ಗೊತ್ತಿರುತ್ತಲ್ವಾ?"

ಅದೂ ಹೌದೇ. ಈ ಸಲ ತಲೆ ಕೆರೆದುಕೊಂಡವಳು ನಾನು.

ಅಂದು ಊಟದ ಹೊತ್ತಿಗೆ ಅವನು ಮಾವನನ್ನೇ ಕೇಳಿದನಂತೆ. ರುಫಿನಾ ಹೇಳಿದ್ದು.

"ತಾತಾಯ್, ಬಲಗಡೆ ರೆಕ್ಕೆ ಒಂಚೂರು ಮೋಟು ಅನ್ಸುತ್ತೆ."

"ಅನ್ಸುತ್ತಾ?"

"ಸರಿ ಮಾಡ್ಲಾ?"

ಮುದುಕ ಮೀನಿನ ಮುಳ್ಳನ್ನು ಬಾಯಿಂದ ತೆಗೆದು, ಬೆಳಕಿಗೆ ಹಿಡಿದು ನೋಡಿ, ತಟ್ಟೆಯ ಅಂಚಿಗಿಟ್ಟ.

"ಅನ್ನ ಹಾಕು" ಎಂದ ಮಗಳಿಗೆ.

ಅದು ಮಾಡು ಎಂದೋ, ಬೇಡ ಎಂದೋ? ಗೋರಿಯೊ ಮಾಡು ಎಂದರ್ಥ ಎಂದ. ಸಿಂಫೊ ಅಜ್ಜಿ ಬೇಡ ಎಂದರ್ಥ ಎಂದಳು. ಪಾನಿಂಗ್ ಇಬ್ಬರ ಮಾತನ್ನೂ ಕೇಳಿದ. ಯಾರಿಗೂ ಅದೂ ಹೌದು ಎನ್ನಲಿಲ್ಲ. ನಾನು ಕಂಡಂತೆ ಅದೇ ಮೊದಲ ಸಲ.

ಮಾರನೆಯ ದಿನ ಹಿತ್ತಲಲ್ಲಿ ಹಳೆಯ ದಾರವನ್ನೆಲ್ಲ ಕೊಯ್ದು ಹಾಕಿದ. ಮುದುಕ ಕುರ್ಚಿಯಲ್ಲಿ ಕೂತು ಗಾಳಗಳನ್ನು ಬಿಡಿಸುತ್ತಿದ್ದ. ಪಾನಿಂಗ್ ಎಡಗಡೆಯ ರೆಕ್ಕೆಯನ್ನು ತನ್ನ ಗೇಣಿನಿಂದ ಅಳೆದು ಕಟ್ಟಿದ. ಬಲಗಡೆಗೆ ಬಂದ. ಅಲ್ಲಿ ಕೂತು ತನ್ನ ಕೈಯನ್ನು ಸ್ವಲ್ಪ ಹೊತ್ತು ನೋಡಿಕೊಂಡ. ಆಮೇಲೆ ಅಡುಗೆಮನೆಯ ಕಡೆಗೆ ತಿರುಗಿ, ಮುದುಕನಿಗೂ ಬೇಲಿಯಾಚೆಯ ನನಗೂ ಚೆನ್ನಾಗಿ ಕೇಳಿಸುವ ಹಾಗೆ ಕೂಗಿದ.

"ರುಫಿನಾ, ಬಾರೇ. ಈ ಕಡೆಗೆ ನಿನ್ನ ಕೈ ಬೇಕು."

ಅವಳು ಬಂದು ಬೆರಳು ಅಗಲಿಸಿ ಗೇಣು ಹಾಕತೊಡಗಿದಳು. ಒಂದು, ಎರಡು ಎಂದು ಜೋರಾಗಿಯೇ ಎಣಿಸಿದಳು. ಮುದುಕ ಗಾಳದಿಂದ ಕಣ್ಣು ತೆಗೆದು ಗುಡ್ಡದ ಕಡೆಗೆ ನೋಡಿದ, ಅವಳು ಆರು ಎನ್ನುವವರೆಗೂ.